ಕೀಲಿಮಣೆಯಲ್ಲಿ ಇಲ್ಲದ ಗುರುತುಗಳು

ಮನುಷ್ಯನ ಬಾಯಿಂದ ಹೊರಟ ಮಾತನ್ನು ಗುರುತುಗಳಾಗಿ ಮಾಡಿ ಮುಂದಿನವರ ಕೈಗೆ ಒಪ್ಪಿಸುವುದಕ್ಕಿಂತ ಘನವಾದ ಕೆಲಸ ಈ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ಬಹುಕಾಲದಿಂದ ನಂಬಿದ್ದೇನೆ. ನಾಗರಿಕತೆ ಎಂಬುದು ನಿಂತಿರುವುದೇ ಅದರ ಮೇಲೆ. ಹೀಗೆ ನಂಬಿದ ನಾನು ಹೋದ ವರ್ಷ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಮುಂದೆ ಕೂತು, ಒಂದು ಅಕ್ಷರದ ಕೆಳಗೆ ಗೆರೆ ಎಳೆಯಲು ಮುಕ್ಕಾಲು ಗಂಟೆ ಒದ್ದಾಡಿ, ಕೊನೆಗೆ ಅಕ್ಷರವನ್ನೇ ಕಳೆದುಕೊಂಡೆ.

ಒದ್ದಾಟಕ್ಕೆ ಕಾರಣ ನಮ್ಮಕ್ಕ.

ನಾನು ಮೆಟ್ಟೂರಿನ ಒಂದು ರಾಸಾಯನಿಕ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತನಾದವನು. ಅಣೆಕಟ್ಟು ಕಾಣುವ ಮನೆಯಲ್ಲಿದ್ದೇನೆ ಎಂದು ನೆಂಟರಿಗೆ ಹೇಳುತ್ತೇನೆ. ತಾರಸಿಯ ನೀರಿನ ಟ್ಯಾಂಕಿನ ಮೇಲೆ ಹತ್ತಿ ನಿಂತರೆ ಕಾಣುವುದು ನಿಜ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಪೆನ್ನಾಗರಂ ಕಡೆಯ ಹಳ್ಳಿಯಲ್ಲಿ ಮಗ, ಸೊಸೆ, ಎರಡು ಎಮ್ಮೆಗಳ ಮೇಲೆ ಅಧಿಕಾರ ನಡೆಸಿಕೊಂಡಿದ್ದಾಳೆ. ನಮ್ಮವರೆಲ್ಲರ ಹಾಗೆ ಅವಳದೂ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತಮಿಳು, ಕೋಪ ಬಂದರೆ ಎರಡೂ. ಓದಿದ್ದು ತಮಿಳಿನಲ್ಲಿ ಐದನೆಯ ಕ್ಲಾಸು. ಕನ್ನಡದ ಅಕ್ಷರ ಒಂದೂ ಬರುವುದಿಲ್ಲ. ನನಗೂ ಬರುತ್ತಿರಲಿಲ್ಲ, ಮೈಸೂರಿನ ಕಡೆಯಿಂದ ಬಂದಿದ್ದ ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಎರಡು ವರ್ಷ ಕಲಿಸಿದರು. ಅದರ ಫಲವನ್ನು ಈಗ ನೀವು ಅನುಭವಿಸುತ್ತಿದ್ದೀರಿ.

ಅಕ್ಕನಿಗೆ ನಮ್ಮ ಬಂಧುಬಳಗದಲ್ಲಿ ಒಂದು ಪದವಿ ಇತ್ತು. ನಮ್ಮ ಮನೆಗಳ ಮದುವೆಯಲ್ಲಿ ಹಸೆ ಬರೆದು, ಮಣೆ ಹಾಕಿ, ಹೆಂಗಸರು ಹಸೆಗೆ ಕರೆಯುವ ಪದ ಹೇಳುತ್ತಾರೆ. ಆ ಪದದ ಏಳು ನುಡಿಯೂ ಮುಗಿಯುವ ತನಕ ಹೆಣ್ಣು ಒಳಕೋಣೆಯಿಂದ ಹೊರಗೆ ಕಾಲಿಡುವಂತಿಲ್ಲ. ನಲವತ್ತು ವರ್ಷಗಳಿಂದ ಆ ಪದ ಹೇಳುತ್ತಾ ಬಂದವಳು ಅಕ್ಕ. 'ಇಷ್ಟೂ ಎಣ್ಣುಗಳ್ನ ಒಳಗಿಂದ ಈಚೆಗೆ ತಂದೋಳು ನಾನು' ಎಂದು ಅವಳು ಹೇಳಿಕೊಳ್ಳುವುದು, ಕಕ್ಷಿದಾರರಿಗೆಲ್ಲ ಜಾಮೀನು ಕೊಡಿಸಿದ ವಕೀಲರ ಧಾಟಿಯಲ್ಲಿ.

ಹೋದ ವರ್ಷ ಅಕ್ಕನ ಗಂಟಲಿಗೆ ಸೇಲಂನಲ್ಲಿ ಆಪರೇಷನ್ ಆಯಿತು. ಮಾತು ವಾಪಸ್ಸು ಬಂತು, ದನಿ ಬರಲಿಲ್ಲ. ಆರು ತಿಂಗಳು ಹಾಡುವುದಿರಲಿ, ಗಟ್ಟಿಯಾಗಿ ಎಮ್ಮೆಯನ್ನೂ ಕೂಗಬಾರದು ಎಂದು ಡಾಕ್ಟರು ಹೇಳಿದರು. ಮೊಮ್ಮಗಳ ಮದುವೆ ನಾಲ್ಕು ತಿಂಗಳಲ್ಲಿತ್ತು. ಲೋಕದ ಹೆಣ್ಣುಗಳನ್ನೆಲ್ಲ ಕರೆದವಳು ತನ್ನ ಮೊಮ್ಮಗಳನ್ನು ಮಾತ್ರ ಕರೆಯುವಂತಿಲ್ಲ ಎಂದಾಯಿತು.

ಒಂದು ದಿನ ಬೆಳಿಗ್ಗೆಯ ಬಸ್ಸಿಗೆ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಚೀಲ, ಕತ್ತಿಗೆ ಮಫ್ಲರು. ಕಾಪಿ ಕುಡಿದು ಲೋಟ ಕೆಳಗಿಟ್ಟು ಶುರುಮಾಡಿದಳು.

"ಲೇ ತಮ್ಮಾ, ನೀನು ಆ ಕಂಪ್ನಿಯಾಗೆ ಏನ್ ಕೆಲ್ಸ ಮಾಡ್ತಿದ್ದೆ?"

"ಟೈಪ್ ಮಾಡ್ತಿದ್ದೆ. ರಿಟೈರ್ ಆಗಿ ಇಷ್ಟ್ ವರ್ಷ ಆದ್ಮೇಲೆ ಕೇಳ್ತಾ ಇದ್ದೀಯಾ?"

"ಅವತ್ತು ಬೇಕಾಗಿರ್ಲಿಲ್ಲ, ಕೇಳ್ಲಿಲ್ಲ. ಈಗ ಬೇಕು. ಇದ್ನ ಟೈಪ್ ಮಾಡ್ಕೊಡು."

ಚೀಲದಿಂದ ತೆಗೆದದ್ದು ಒಂದು ಹಳೆಯ ನೋಟ್‌ಪುಸ್ತಕ. ಹಿಂದಿನ ರಟ್ಟಿನ ಮೇಲೆ ಮಗ್ಗಿ, ಒಳಗೆ ಹಸೆಗೆ ಕರೆಯುವ ಪದ. ಅವ್ವನ ಬಾಯಿಂದ ಕೇಳಿ ಅಕ್ಕ ಮದುವೆಗೆ ಮುಂಚೆ ಬರೆದಿಟ್ಟುಕೊಂಡದ್ದು. ಮಾತು ಕನ್ನಡ, ಅಕ್ಷರ ತಮಿಳು. ಅಕ್ಷರಗಳ ಸುತ್ತಮುತ್ತ ಅವಳೇ ಕಂಡುಹಿಡಿದ ಗುರುತುಗಳು.

ಪದ ಹೇಳಬೇಕಾದವರು ಮನೆಯ ಮೂವರು ಹುಡುಗಿಯರು, ಮದುವೆಹೆಣ್ಣಿನ ಚಿಕ್ಕಪ್ಪ ಸೋದರತ್ತೆಯರ ಮಕ್ಕಳು. ಒಬ್ಬಳು ಧರ್ಮಪುರಿಯಲ್ಲಿ ನರ್ಸು, ಒಬ್ಬಳು ಸೇಲಂನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ, ಇನ್ನೊಬ್ಬಳು ಶಂಕಗಿರಿಯ ಒಂದು ಲಾರಿ ಆಫೀಸಿನಲ್ಲಿ ಇದ್ದಾಳೆ. ಮೂವರಿಗೂ ರಾಗ ಗೊತ್ತು. ಹುಟ್ಟಿದಾಗಿನಿಂದ ಮದುವೆಮನೆಗಳಲ್ಲಿ ಕೇಳಿದ್ದಾರೆ. ಮಾತು ಗೊತ್ತಿಲ್ಲ, ಹುಟ್ಟಿದಾಗಿನಿಂದ ಆ ಹೊತ್ತಿಗೆ ಅವರು ತಿಂಡಿಯ ಪಂಕ್ತಿಯಲ್ಲಿರುತ್ತಿದ್ದರು.

ನನಗೆ ಸುಲಭದ ದಾರಿ ಹೊಳೆಯಿತು. "ಫೋನಿನಾಗೆ ನೀನೇ ಮೆಲ್ಲಗೆ ಒಂದ್ಸಲ ಏಳು. ರೆಕಾರ್ಡ್ ಮಾಡಿ ಮೂವರ್ಗೂ ಕಳಿಸ್ತೀನಿ."

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ನಾನು ಮೂರನೆಯ ಕ್ಲಾಸಿಗೆ ವಾಪಸ್ಸು ಹೋದೆ. ನಮ್ಮ ಕಡೆ ಬಾಯಲ್ಲಿ ಹಕಾರಕ್ಕೆ ಜಾಗವಿಲ್ಲ. ಹಸೆ ಎನ್ನುವುದು ಅಸೆಯಾಗುತ್ತದೆ. "ಬುದ್ಧಿ ಐತಾ ನಿಂಗೆ? ಅಸೆ ಆಕ್ದೆ ಅಸೆ ಪದ ಏಳ್ತಾರಾ ಯಾರಾರ? ಎಣ್ಣಿಗೆ ಆಗಲ್ಲ ಅದು."

ಇದು ನಾನು ಮರೆತಿದ್ದ ಕಟ್ಟಳೆ. ಹಸೆ ಇಲ್ಲದ ಕಡೆ ಆ ಪದವನ್ನು ದನಿ ಎತ್ತಿ ಹಾಡಬಾರದು. ಕಲಿಯುವವರು ಒಂದೊಂದೇ ಸಾಲನ್ನು ಬಾಯೊಳಗೆ ಗುನುಗಿಕೊಂಡು ಕಲಿಯಬೇಕು. ಏಳೂ ನುಡಿಯನ್ನು ಒಟ್ಟಿಗೆ ಹೇಳುವುದು ಮದುವೆಯ ದಿನವೇ. ಮದುವೆಹೆಣ್ಣಂತೂ ಅದನ್ನು ಮೊದಲೇ ಓದಲೂಬಾರದು. ಅಂದರೆ ತಾಲೀಮು ಇಲ್ಲ, ರೆಕಾರ್ಡು ಇಲ್ಲ, ತಿದ್ದುಪಡಿ ಇಲ್ಲ. ಕಾಗದ ಒಂದೇ ಗತಿ.

"ಆಗ್ಲಿಲ್ಲ ಅಂದ್ರೆ?" ಎಂದೆ.

"ಆಗ್ಲಿಲ್ಲ ಅಂದ್ರೆ ಆ ಸ್ಪೀಕರ್ ಸೆಟ್ನೋನು ಯಾವ್ದಾರ ಸಿನಿಮಾ ಪಾಟ್ಟು ಆಕ್ತಾನೆ. ನನ್ ಮೊಮ್ಮಗ್ಳು ಅದ್ಕೆ ಎದ್ಬತ್ತಾಳೆ. ನಾನು ಮುಂದ್ಗಡೆ ಕುರ್ಚಿಯಾಗೆ ಕೂತ್ಕೊಂಡು ನೋಡ್ತೀನಿ." ಮಫ್ಲರು ಸರಿಮಾಡಿಕೊಂಡು ಸೇರಿಸಿದಳು. "ನನ್ ಕೈಲಿ ಆಗಲ್ಲ ಕಣೋ ಅದು."

ಎಮ್ಮೆ ಸತ್ತಾಗಲೂ ಭಾವ ಸತ್ತಾಗಲೂ ಅಕ್ಕ 'ನನ್ನ ಕೈಲಿ ಆಗಲ್ಲ' ಅಂದದ್ದು ನಾನು ಕೇಳಿರಲಿಲ್ಲ. ಒಪ್ಪಿಕೊಂಡೆ.

ಗುರುತುಗಳ ವಿಚಾರಣೆ ಆಗಲೇ ನಡೆಯಿತು. ನಾನು ಬೆರಳಿಟ್ಟು ತೋರಿಸುವುದು, ಅವಳು ಹೇಳುವುದು. ತಮಿಳಿನಲ್ಲಿ ಕಕಾರ ಗಕಾರ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ, ಮೆತ್ತಗೆ ಹೇಳಬೇಕಾದ ಕಡೆ ಅಕ್ಷರದ ಕೆಳಗೊಂದು ಗೆರೆ. ಮಾತಿನ ತಲೆಯ ಮೇಲೆ ಸಣ್ಣ ಸೊನ್ನೆ ಇದ್ದರೆ ಎಲ್ಲರೂ ಸೇರಿ ಹೇಳಬೇಕು. ಓರೆಯಾದ ಬಾಣ ಇದ್ದರೆ ದನಿ ಮೇಲಕ್ಕೆ.

"ಇಷ್ಟೇ ತಾನೇ?"

"ಇನ್ನೇನಿರತ್ತೆ? ಐದ್ನೇ ಕ್ಲಾಸು ಓದ್ದೋಳಿಗೆ ಇಷ್ಟ್ ಒಳ್ದಿದ್ದೇ ಜಾಸ್ತಿ."

ಪುಸ್ತಕ ಬಿಟ್ಟುಹೋಗಲು ಮಾತ್ರ ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರತಿ ತೆಗೆಸಿದೆವು. ಅಂಗಡಿಯವನು ಮೊದಲ ಸಾಲನ್ನು ತಮಿಳೆಂದುಕೊಂಡು ಗಟ್ಟಿಯಾಗಿ ಓದಿ, ಅರ್ಧಕ್ಕೆ ನಿಲ್ಲಿಸಿ, "ಇದು ಎನ್ನ ಮೊಳಿ ಸಾರ್?" ಎಂದ. ಯಾವ ಭಾಷೆ ಎಂದು ನಾನು ಹೇಳುವಷ್ಟರಲ್ಲಿ ಅಕ್ಕ ಅವನ ಕೈಯಿಂದ ಪುಸ್ತಕ ಕಿತ್ತುಕೊಂಡಿದ್ದಳು. ಹಸೆ ಇಲ್ಲದ ಕಡೆ ಓದಿಬಿಟ್ಟನಲ್ಲ ಎಂದು ಬಸ್ಸು ಬರುವ ತನಕ ಗೊಣಗಿದಳು.

ಇನ್ನು ನನ್ನ ವಿದ್ಯೆಯ ವಿಚಾರ ಹೇಳಬೇಕು. ನಾನು ಟೈಪಿಂಗ್ ಕಲಿತದ್ದು ಮೆಟ್ಟೂರಿನಲ್ಲಿ, ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಹನ್ನೊಂದು ಮಿಷಿನ್ನು, ಅದರಲ್ಲಿ ಮೂರು ತಮಿಳು. ಬೆಳಿಗ್ಗೆ ಆರಕ್ಕೆ ಮೊದಲ ಬ್ಯಾಚು. ಹನ್ನೊಂದೂ ಒಟ್ಟಿಗೆ ಶುರುವಾದರೆ ಕೆಳಗಿನ ಸೈಕಲ್ ಅಂಗಡಿಯವನು ರೇಡಿಯೊ ಆರಿಸಿಬಿಡುತ್ತಿದ್ದ, ಕೇಳಿಸುವುದಿಲ್ಲವಾದ್ದರಿಂದ. ಎಣ್ಣೆಬಟ್ಟೆಯ ಮುಸುಕು ತೆಗೆದಾಗ ಬರುತ್ತಿದ್ದ ಶಾಯಿ ರಿಬ್ಬನ್ನಿನ ವಾಸನೆ ನನಗೆ ಈಗಲೂ ಕೆಲವು ಬೆಳಿಗ್ಗೆ ಕಾರಣವಿಲ್ಲದೆ ಮೂಗಿಗೆ ಬರುತ್ತದೆ. ಹೆಂಡತಿ ಅದು ಶೀತದ ಲಕ್ಷಣ ಅನ್ನುತ್ತಾಳೆ.

ನಮ್ಮ ಮಾಸ್ಟರು ತೆಳ್ಳಗಿನ, ಬಿಳಿ ಅಂಗಿಯ ತಮಿಳಿನವರು. ಕಲಿಸಿದ್ದು ಎರಡೇ ಧರ್ಮ. ಒಂದು, ಕಣ್ಣು ಯಾವಾಗಲೂ ಡ್ರಾಫ್ಟಿನ ಮೇಲೆ. ಟೈಪಾದ ಹಾಳೆಯ ಕಡೆ ನೋಡುವುದು ಪರಸ್ತ್ರೀಯ ಕಡೆ ನೋಡಿದಷ್ಟೇ ಪಾಪ. ಎರಡು, ಡ್ರಾಫ್ಟಿನಲ್ಲಿ ಇದ್ದದ್ದು ಇದ್ದ ಹಾಗೆ. ಟೈಪಿಸ್ಟ್ ಯೋಚಿಸುವುದಕ್ಕೆ ಸಂಬಳ ಪಡೆಯುವವನಲ್ಲ. ಡ್ರಾಫ್ಟಿನಲ್ಲಿ ಒಂದು ಚುಕ್ಕಿ ಇದ್ದರೆ ಅದು ಯಾಕಿದೆ ಎಂದು ಕೇಳಬೇಡ, ಹೊಡಿ.

ಹೈಯರ್ ಪರೀಕ್ಷೆಗೆ ಕಟ್ಟಿದವರಿಗೆ ಮಾತ್ರ ಅವರು ಮೂರನೆಯದೊಂದನ್ನು ಹೇಳಿಕೊಡುತ್ತಿದ್ದರು. ಮಿಷಿನ್ನಿನಲ್ಲಿ ಇಲ್ಲದ ಗುರುತನ್ನು ಇದ್ದವುಗಳಿಂದ ಹುಟ್ಟಿಸುವ ವಿದ್ಯೆ. ನಮ್ಮ ಮಿಷಿನ್ನಿನಲ್ಲಿ ಒಂದು ಎಂಬ ಅಂಕಿಯೇ ಇರಲಿಲ್ಲ. ಇಂಗ್ಲಿಷಿನ ಸಣ್ಣ ಎಲ್ ಅಕ್ಷರವೇ ಒಂದು. ಆಶ್ಚರ್ಯಸೂಚಕ ಬೇಕಾದರೆ ಪೂರ್ಣವಿರಾಮ ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ ಕಾಗದ ಹೊತ್ತ ಗಾಡಿಯನ್ನು ಒಂದು ಮನೆ ಹಿಂದಕ್ಕೆ ತಂದು, ಅದರ ತಲೆಯ ಮೇಲೆ ಸಣ್ಣ ಗೀರು ಹೊಡೆಯಬೇಕು. ಆಶ್ಚರ್ಯಪಡಲು ಮೂರು ಏಟು ಬೇಕಾಗಿದ್ದರಿಂದ ಆ ಕಾಲದ ಜನ ಸುಮ್ಮಸುಮ್ಮನೆ ಆಶ್ಚರ್ಯಪಡುತ್ತಿರಲಿಲ್ಲ. ಭಾಗಾಕಾರಕ್ಕೆ ಎರಡು ಚುಕ್ಕಿಯ ನಡುವೆ ಅಡ್ಡಗೆರೆ. ಡಿಗ್ರಿಗೆ ಕಾಗದ ಸುತ್ತಿದ ಉರುಳೆಯನ್ನು ಅರ್ಧ ಸಾಲು ತಿರುಗಿಸಿ, ಸಣ್ಣ ಓ ಹೊಡೆದು, ಮತ್ತೆ ವಾಪಸ್ಸು. ಯಾರಾದರೂ ಎದ್ದುನಿಂತು ಈ ಗುರುತು ಮಿಷಿನ್ನಿನಲ್ಲಿ ಇಲ್ಲ ಸಾರ್ ಅಂದರೆ ಮಾಸ್ಟರು, "ಇಲ್ಲೇನ್ನು ಸೊಲ್ಲಾದೇ" ಅನ್ನುತ್ತಿದ್ದರು. ಇಲ್ಲ ಅನ್ನಬೇಡ. ಅಷ್ಟೇ ಅವರ ಉಪದೇಶ. ಆ ಮನುಷ್ಯ ಇನ್ನು ಯಾವ ವಿಷಯದಲ್ಲೂ ಆಶಾವಾದಿಯಾಗಿರಲಿಲ್ಲ.

ಆ ವಿದ್ಯೆಯೇ ನನಗೆ ಕಾರ್ಖಾನೆಯಲ್ಲಿ ಅನ್ನ ಹಾಕಿತು. ರಾಸಾಯನಿಕ ಕಾರ್ಖಾನೆಯೆಂದರೆ ಡಿಗ್ರಿಗಳ ಕಾರ್ಖಾನೆ. ದಿನಕ್ಕೆ ನೂರು ಸಲ ಉರುಳೆ ತಿರುಗಿಸಿದ್ದೇನೆ. ಒಮ್ಮೆ ಜರ್ಮನಿಯ ಒಂದು ಯಂತ್ರದ ಕಂಪನಿಗೆ ಪತ್ರ ಹೋಗಬೇಕಿತ್ತು. ಅಲ್ಲಿನ ಎಂಜಿನಿಯರರ ಹೆಸರಿನಲ್ಲಿ ಒಂದು ಯು ಅಕ್ಷರ, ಅದರ ನೆತ್ತಿಯ ಮೇಲೆ ಎರಡು ಚುಕ್ಕಿ. ಹಳೆಯ ಪತ್ರಗಳಲ್ಲೆಲ್ಲ ಚುಕ್ಕಿ ಬಿಟ್ಟೇ ಹೊಡೆದಿದ್ದರು. ನಾನು ಯು ಹೊಡೆದೆ, ಬ್ಯಾಕ್‌ಸ್ಪೇಸ್ ಒತ್ತಿದೆ, ಉದ್ಧರಣ ಚಿಹ್ನೆಯನ್ನು ಅದರ ಮೇಲೆ ಕೂರಿಸಿದೆ. ಮ್ಯಾನೇಜರು ಸಹಿ ಮಾಡಲು ಹೋಗಿ, ಪೆನ್ನು ಎತ್ತಿಹಿಡಿದು, ನನ್ನನ್ನು ಕರೆಸಿದರು.

"ಹೊಸ ಮಿಷಿನ್ ಬಂದಿದೆಯೇನಪ್ಪಾ?"

"ಇಲ್ಲ ಸಾರ್. ಹಳೇದೇ."

ಅವರು ಸಹಿ ಹಾಕಿ ಕಳಿಸಿದರು. ಮರುವರ್ಷ ಆ ಜರ್ಮನಿಯ ಎಂಜಿನಿಯರ್ ಯಂತ್ರ ಜೋಡಿಸಲು ಖುದ್ದಾಗಿ ಬಂದಾಗ ನನ್ನ ಮೇಜಿನ ಹತ್ತಿರ ಕರೆದುಕೊಂಡು ಬಂದು ತೋರಿಸಿದರು. ಆರಡಿ ಎತ್ತರದ ಕೆಂಪು ಮನುಷ್ಯ ಬಗ್ಗಿ ನನ್ನ ಕೈ ಕುಲುಕಿದ. ಎರಡು ಚುಕ್ಕಿಗೆ ಒಬ್ಬ ಮನುಷ್ಯನಿಗೆ ಅಷ್ಟು ಸಂತೋಷವಾಗುತ್ತದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೈ ತೊಳೆದುಕೊಂಡು ಊಟಕ್ಕೆ ಬನ್ನಿ ಅಂದಳು.

ಇಂಥ ಪೂರ್ವಾರ್ಜಿತ ಕೀರ್ತಿ ಇಟ್ಟುಕೊಂಡು ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಲ್ಯಾಪ್‌ಟಾಪು ಮದುವೆಹೆಣ್ಣಿನದೇ. ಅವಳು ಮೆಟ್ಟೂರಿನ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ. ವಾರದ ದಿನಗಳಲ್ಲಿ ನಮ್ಮ ಮನೆಯಲ್ಲೇ ಇರುತ್ತಾಳೆ. ಆವತ್ತು ಲ್ಯಾಪ್‌ಟಾಪು ಮನೆಯಲ್ಲಿ ಬಿಟ್ಟು, ತಮಿಳು ಟೈಪ್‌ರೈಟರಿನದೇ ಕೀಲಿ ವಿನ್ಯಾಸ ಅದರಲ್ಲೂ ಇದೆ ಎಂದು ತೋರಿಸಿ, ಕಾಲೇಜಿಗೆ ಹೋದಳು. ಬೆರಳುಗಳು ತಮ್ಮ ತಮ್ಮ ಮನೆಗಳನ್ನು ತಾವೇ ಹುಡುಕಿಕೊಂಡವು. ಕಣ್ಣೀರು ಬರುವುದೊಂದು ಬಾಕಿ.

ಕಣ್ಣನ್ನು ಡ್ರಾಫ್ಟಿನ ಮೇಲಿಟ್ಟು ಮೊದಲ ನುಡಿ ಪೂರ್ತಿ ಹೊಡೆದೆ. ಗೆರೆ ಇರುವ ಅಕ್ಷರ ಬಂದಾಗಲೆಲ್ಲ ಅಕ್ಷರ, ಬ್ಯಾಕ್‌ಸ್ಪೇಸು, ಅಡಿಗೆರೆ. ಎಲ್ಲೂ ತಡವರಿಸಲಿಲ್ಲ. ನುಡಿ ಮುಗಿಸಿ ಕಣ್ಣೆತ್ತಿ ನೋಡಿದರೆ, ಗೆರೆ ಹಾಕಿದ ಅಕ್ಷರಗಳೆಲ್ಲ ಮಾಯ. ಗೆರೆಗಳು ಮಾತ್ರ ಅಲ್ಲಲ್ಲಿ, ಹಲ್ಲು ಬಿದ್ದ ವಸಡಿನ ಹಾಗೆ. ಮೂವತ್ತನಾಲ್ಕು ವರ್ಷ ನಾನು ಬ್ಯಾಕ್‌ಸ್ಪೇಸ್ ಒತ್ತಿದ್ದು ಹಿಂದಕ್ಕೆ ಹೋಗಿ ಇನ್ನೊಂದು ಗುರುತು ಸೇರಿಸುವುದಕ್ಕೆ. ಈಗ ಅದೇ ಕೀಲಿಯನ್ನು ಅಳಿಸುವ ಕೆಲಸಕ್ಕೆ ವರ್ಗ ಮಾಡಿದ್ದಾರೆ, ಯಾರೂ ನನಗೆ ತಿಳಿಸಿರಲಿಲ್ಲ.

ಎರಡನೆಯ ಅಪಮಾನ ತಮಿಳಿನ ಪುಳ್ಳಿಯದು, ಅಂದರೆ ಅರ್ಧಾಕ್ಷರದ ತಲೆಯ ಮೇಲಿನ ಚುಕ್ಕಿಯದು. ಹಳೆಯ ಮಿಷಿನ್ನಿನಲ್ಲಿ ಚುಕ್ಕಿಯನ್ನು ಮೊದಲು ಹೊಡೆಯಬೇಕು; ಗಾಡಿ ಕದಲುವುದಿಲ್ಲ, ಆಮೇಲೆ ಅಕ್ಷರ ಬಂದು ಅದರ ಕೆಳಗೆ ಕೂರುತ್ತದೆ. ಅರಿವಿಲ್ಲದೆ ಕೀಲಿ ವಿನ್ಯಾಸ ಎಲ್ಲೋ ಬದಲಾಗಿತ್ತು ಅಂತ ಕಾಣುತ್ತದೆ. ನಾನು ಹೊಡೆದ ಚುಕ್ಕಿಗಳೆಲ್ಲ ಅಕ್ಷರ ಸಿಗದೆ, ಚುಕ್ಕಿಚುಕ್ಕಿಯ ಖಾಲಿ ವೃತ್ತಗಳನ್ನು ಹೊತ್ತುಕೊಂಡು ಸಾಲಾಗಿ ನಿಂತಿದ್ದವು. ಪಿಂಚಣಿ ಆಫೀಸಿನ ಮುಂದೆ ನಾವು ನಿಲ್ಲುತ್ತಿದ್ದೆವಲ್ಲ, ಹಾಗೆ.

ಮೂರನೆಯದು ಅಕ್ಕನ ಸೊನ್ನೆ. ಅದು ಸಾಕ್ಷಾತ್ ಡಿಗ್ರಿ ಚಿಹ್ನೆ. ಆದರೆ ಲ್ಯಾಪ್‌ಟಾಪಿಗೆ ಉರುಳೆ ಎಲ್ಲಿಂದ ಬರಬೇಕು? ಕಾರ್ಖಾನೆಯ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕಂಪ್ಯೂಟರ್ ಬಂದ ಮೇಲೂ ಎರಡು ವರ್ಷ ಕೆಲಸದಲ್ಲಿದ್ದವನು. ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಸೊನ್ನೆ, ಒಂದು, ಏಳು, ಆರು ಹೊಡೆ ಎಂದು, ಮಂತ್ರೋಪದೇಶ ಮಾಡುವವನ ಹಾಗೆ ದನಿ ತಗ್ಗಿಸಿ ಹೇಳಿದ. ಹೊಡೆದೆ. ಏನೂ ಆಗಲಿಲ್ಲ. ಇನ್ನೊಮ್ಮೆ ಬಲವಾಗಿ ಹೊಡೆದೆ. ಯಾವುದೋ ಪಟ್ಟಿ ತೆರೆದು ಮುಚ್ಚಿಕೊಂಡಿತು. ಆ ಮಂತ್ರಕ್ಕೆ ಬಲಗಡೆ ಬೇರೆಯಾಗಿ ಇರುವ ಅಂಕಿಗಳ ಕೀಲಿಗಳೇ ಬೇಕಂತೆ. ಈ ಲ್ಯಾಪ್‌ಟಾಪಿಗೆ ಅವು ಇರಲಿಲ್ಲ.

"ಕಾಪಿ ಐಸ್ ಆಗೋಯ್ತು," ಎಂದಳು ಹೆಂಡತಿ, ಬಾಗಿಲಲ್ಲಿ ನಿಂತು. "ನಿಮ್ ಅಕ್ಕನ್ ಪದಕ್ಕೆ ಆ ಡಬ್ಬೀನ ಯಾಕೆ ಇಂಗೆ ಬಡೀತಾ ಇದ್ದೀರಿ?"

"ಡಿಗ್ರಿ ಬರ್ತಾ ಇಲ್ಲ."

"ನಿಮ್ಗೆ ಅವತ್ತೂ ಬರ್ಲಿಲ್ಲ. ಪಿಯುಸಿಗೇ ನಿಂತೋಯ್ತು," ಎಂದು ಲೋಟ ತೆಗೆದುಕೊಂಡು ಹೋದಳು.

ಸಂಜೆ ಮೊಮ್ಮಗಳು ಕಾಲೇಜಿನಿಂದ ಬಂದು ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡಳು. ತೊಡಕೊಂದಿತ್ತು. ಅವಳು ಆ ಪದವನ್ನು ಓದುವಂತಿಲ್ಲ. ನಾನು ಜೆರಾಕ್ಸಿನ ಮೇಲೆ ಟವಲ್ ಮುಚ್ಚಿದೆ.

"ಸ್ಕ್ರೀನ್ ಮೇಲೆ ಐತಲ್ಲ ತಾತಾ," ಎಂದು ನಕ್ಕಳು. "ಪರವಾಯಿಲ್ಲ. ನಾನು ಓದಲ್ಲ, ಸಿಂಬಲ್ ಮಾತ್ರ ಪಾಕ್ರೇನ್, ನೋಡ್ತೀನಿ ಅಷ್ಟೆ. ಅಜ್ಜಿ ಕೇಳಿದ್ರೆ ಕಣ್ ಮುಚ್ಕೊಂಡಿದ್ಲು ಅನ್ನಿ."

ಅವಳು ಕೀಲಿ ವಿನ್ಯಾಸ ಸರಿಮಾಡಿ, ಹೊಸ ಖಾಲಿ ಹಾಳೆ ತೆರೆದು ಅದರಲ್ಲಿ ತೋರಿಸಿಕೊಟ್ಟಳು. ಅಕ್ಷರವನ್ನು ಆರಿಸಿಕೊಂಡು ಕಂಟ್ರೋಲ್ ಜೊತೆ ಯು ಒತ್ತಿದರೆ ಕೆಳಗೆ ಗೆರೆ. ವಿಂಡೋಸ್ ಕೀಲಿಯ ಜೊತೆ ಪೂರ್ಣವಿರಾಮ ಒತ್ತಿದರೆ ಒಂದು ಸಣ್ಣ ಪೆಟ್ಟಿಗೆ ತೆರೆಯಿತು. ಅದರೊಳಗೆ ಮೊದಲು ನಗುವ ಮುಖಗಳು. ಅವುಗಳನ್ನು ದಾಟಿ ಒಳಕ್ಕೆ ಹೋದರೆ ಗುರುತುಗಳು. ಬಾಣಗಳೇ ಎಷ್ಟು ಬಗೆ! ಡಿಗ್ರಿ, ಭಾಗಾಕಾರ, ಚುಕ್ಕಿ ಹೊತ್ತ ಯು, ಟೊಪ್ಪಿ ಹಾಕಿದ ಎ, ಬಾಲವಿರುವ ಸಿ. ನಾವು ಉರುಳೆ ತಿರುಗಿಸಿ, ಗಾಡಿ ಎಳೆದು, ಒಂದೊಂದಾಗಿ ಹೆತ್ತ ಮಕ್ಕಳೆಲ್ಲ ಅಲ್ಲಿ ಸ್ನಾನಮಾಡಿಸಿ ಸಾಲಾಗಿ ಕೂರಿಸಿದಂತೆ ಕೂತಿದ್ದವು. ನಾನು ಆ ಯು ಅಕ್ಷರವನ್ನು ಒಂದು ಸಲ ಒತ್ತಿದೆ. ಬಂತು. ಒಂದೇ ಏಟು.

"ಅದು ಯಾಕೆ ತಾತಾ? ಪದದಾಗೆ ಐತಾ?"

"ಇಲ್ಲ. ಸುಮ್ನೆ."

ಎರಡು ಚುಕ್ಕಿಯೂ ಸರಿಯಾಗಿ ನಡುವೆ ಇದ್ದವು. ನನ್ನದು ಕೂದಲೆಳೆಯಷ್ಟು ಬಲಕ್ಕೆ ವಾಲುತ್ತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅವಳಿಗೆ ಜರ್ಮನಿಯವನ ಕತೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಕೈ ತೊಳೆದುಕೊಂಡು ಬನ್ನಿ ಅನ್ನಲಿಲ್ಲ.

ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ. ಗೆರೆಗೆ ಗೆರೆ, ಸೊನ್ನೆಗೆ ಡಿಗ್ರಿ, ಬಾಣಕ್ಕೆ ಬಾಣ. ಐದನೆಯ ನುಡಿಗೆ ಬಂದಾಗ ಜೆರಾಕ್ಸಿನಲ್ಲಿ ಒಂದು ಹೊಸ ಗುರುತು ಕಾಣಿಸಿತು. ಸಾಲಿನ ಕೊನೆಯಲ್ಲಿ ಕಡುಕಪ್ಪಾದ ದುಂಡನೆಯ ದೊಡ್ಡ ಬೊಟ್ಟು. ಐದರಲ್ಲಿ ಒಂದು, ಆರರಲ್ಲಿ ಒಂದು, ಏಳರಲ್ಲಿ ಎರಡು. ಮದುವೆಮನೆಗಳಲ್ಲಿ ಅರಿಶಿನದ ಕೈಯಲ್ಲೇ ಪುಟ ತಿರುಗಿಸಿ, ಅದು ವರ್ಷಗಳ ಮೇಲೆ ಕಂದು ತಿರುಗಿ, ಬಣ್ಣದ ಭೇದ ತಿಳಿಯದ ಜೆರಾಕ್ಸ್ ಯಂತ್ರ ಅದನ್ನು ಕಪ್ಪು ಮಾಡಿರಬಹುದೆಂದು ಓದುತ್ತಿರುವ ನಿಮಗೆ ಹೊಳೆದಿರುತ್ತದೆ. ನನಗೆ ಹೊಳೆಯಲಿಲ್ಲ. ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಮಾಸ್ಟರ ಎರಡನೆಯ ಧರ್ಮ ಅಡ್ಡಬಂತು. ಡ್ರಾಫ್ಟಿನಲ್ಲಿ ಇದ್ದದ್ದು ಇದ್ದ ಹಾಗೆ. ಯಾಕಿದೆ ಎಂದು ಕೇಳಬೇಡ, ಹೊಡಿ.

ಪೆಟ್ಟಿಗೆಯಲ್ಲಿ ಹುಡುಕಿ ತಕ್ಕ ಕರಿಯ ಬೊಟ್ಟನ್ನೂ ಆರಿಸಿ ನಾಲ್ಕು ಕಡೆ ಕೂರಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. ಮೊದಲ ಪುಟದ ನೆತ್ತಿಯಲ್ಲಿ ಗುರುತುಗಳ ವಿವರಣೆ ಕೊಡುವುದು ಆಫೀಸಿನ ಪದ್ಧತಿ. ಗೆರೆ ಎಂದರೆ ಮೆತ್ತಗೆ, ಸೊನ್ನೆ ಎಂದರೆ ಎಲ್ಲರೂ, ಬಾಣ ಎಂದರೆ ಮೇಲಕ್ಕೆ. ಬೊಟ್ಟಿಗೆ ಏನಾದರೂ ಹೇಳಲೇಬೇಕಲ್ಲ? ಅಷ್ಟು ದಪ್ಪನೆಯ ಗುರುತು ಬರಿ ಅಲ್ಪವಿರಾಮವಾಗಿರಲಾರದು ಎಂದು ತರ್ಕಿಸಿ, 'ನಿಲ್ಲಿಸಿ, ಮನಸ್ಸಿನಲ್ಲಿ ಮೂರು ಎಣಿಸಿ' ಎಂದು ಬರೆದೆ. ಮೂವತ್ತನಾಲ್ಕು ವರ್ಷದ ಸೇವೆಯನ್ನೂ ಸೇರಿಸಿಕೊಂಡರೆ ನಾನು ಯೋಚಿಸಿ ಟೈಪ್ ಮಾಡಿದ್ದು ಅದೊಂದೇ ಸಾಲು.

ಮೂರು ಪ್ರತಿ ಮೂರು ಊರಿಗೆ ಹೋದವು. ಶಂಕಗಿರಿಯ ಹುಡುಗಿ ಒಂದು ದಿನ ಫೋನ್ ಮಾಡಿದಳು. ಹಿಂದೆ ಲಾರಿಗಳ ಹಾರ್ನು.

"ತಾತಾ, ಆ ಕರೀ ಬೊಟ್ಟು ಬಂದ್ರೆ ಕಂಡಿಪ್ಪಾ ಮೂರೇ ಎಣಿಸ್ಬೇಕಾ? ಎರಡು ಸಾಲ್ದಾ?"

"ಮೂರಕ್ಕೆ ಒಂದೂ ಕಮ್ಮಿ ಆಗಬಾರದು," ಎಂದೆ ಗಂಭೀರವಾಗಿ.

ಮದುವೆ ಧರ್ಮಪುರಿ ರಸ್ತೆಯ ಒಂದು ಕಲ್ಯಾಣಮಂಟಪದಲ್ಲಿ. ಮುಹೂರ್ತ ಬೆಳಿಗ್ಗೆ. ಹಸೆ ಬರೆದು ಮಣೆ ಹಾಕಿದರು. ಸ್ಪೀಕರ್ ಸೆಟ್ಟಿನವನಿಗೆ ಹತ್ತು ನಿಮಿಷ ನಿಲ್ಲಿಸು ಎಂದು ಹೇಳಿ ಅವನ ಪಕ್ಕವೇ ನಾನು ಕಾವಲು ನಿಂತೆ. ಅಕ್ಕ ಮುಂದಿನ ಸಾಲಿನಲ್ಲಿ, ಕತ್ತಿಗೆ ಹೊಸ ಮಫ್ಲರು. ಬಾಯಿ ತೆರೆದರೆ ಮನೆಗೆ ಕಳಿಸಿಬಿಡುತ್ತೇನೆ ಎಂದು ಅವಳ ಮಗ ಎಚ್ಚರಿಕೆ ಕೊಟ್ಟಿದ್ದ. ಮೂವರು ಹುಡುಗಿಯರು ಕಾಗದ ಹಿಡಿದು ಒಳಕೋಣೆಯ ಬಾಗಿಲ ಹತ್ತಿರ ನಿಂತರು.

ಶುರುವಾಯಿತು. ಅವ್ವ ಹೇಳುತ್ತಿದ್ದ ಪದ. ಕಾವೇರಿ ದಡದವಳೆ, ನೆಲ ನೋಡಿ ನಡೆವವಳೆ, ಹಸೆ ಕಾದೈತೆ ಬಾ ಎಂದು ಕರೆಯುವ ಪದ. ಗೆರೆ ಇದ್ದ ಕಡೆ ಮೆತ್ತಗೆ ಹೇಳಿದರು. ಸೊನ್ನೆ ಬಂದಾಗ ಮೂರೂ ದನಿ ಕೂಡಿಕೊಂಡವು. ಬಾಣ ಬಂದಲ್ಲಿ ಮೇಲಕ್ಕೆ ಏರಿ, ನರ್ಸು ಹುಡುಗಿ ಸ್ವಲ್ಪ ಹೆಚ್ಚೇ ಏರಿ, ಇಳಿದು ಬಂದಳು. ತಿಂಡಿಯ ಪಂಕ್ತಿಯಿಂದ ಕೆಲವರು ಎದ್ದುಬಂದು ನಿಂತರು. ಅಕ್ಕನ ತುಟಿ ಸದ್ದಿಲ್ಲದೆ ಜೊತೆಗೇ ಅಲುಗುತ್ತಿತ್ತು. ನಾಲ್ಕು ನುಡಿ ಹಾಗೆ ಹೋಯಿತು.

ಐದನೆಯ ನುಡಿಯಲ್ಲಿ, ಒಂದು ಸಾಲಿನ ಕೊನೆಗೆ, ಮೂವರೂ ಒಮ್ಮೆಗೇ ನಿಲ್ಲಿಸಿದರು. ಮನಸ್ಸಿನಲ್ಲಿ ಮೂರು ಎಣಿಸುವ ಹೊತ್ತು ಬಾಯಲ್ಲಿ ಹೇಳುವಷ್ಟು ಸಣ್ಣದಲ್ಲ. ಪದ ಮುಗಿಯಿತು ಎಂದುಕೊಂಡು ಸ್ಪೀಕರಿನವನು ಸ್ವಿಚ್ಚಿಗೆ ಕೈ ಹಾಕಿದ. ನಾನು ಅವನ ಮಣಿಕಟ್ಟು ಹಿಡಿದೆ. ಅಕ್ಕ ಹುಡುಗಿಯರನ್ನು ನೋಡಿದಳು. ಮರೆತುಬಿಟ್ಟರು, ಎಲ್ಲ ಹೋಯಿತು ಎಂದು ಅವಳ ಮುಖದಲ್ಲಿ ಬರೆದಿತ್ತು. ಆಮೇಲೆ ಕುರ್ಚಿಯ ತುದಿಗೆ ಸರಿದು, ಬಾಯಿ ತೆರೆದು, ಮುಂದಿನ ಸಾಲನ್ನು ಅವಳೇ ಹೇಳಿದಳು.

ಅದನ್ನು ದನಿ ಅನ್ನುವಂತಿರಲಿಲ್ಲ. ಒಣಗಿದ ತೆಂಗಿನ ಗರಿಯನ್ನು ಅಂಗಳದಲ್ಲಿ ಎಳೆದ ಹಾಗಿತ್ತು. ಆದರೆ ರಾಗದ ಒಂದು ಎಳೆಯೂ ತಪ್ಪಿರಲಿಲ್ಲ. ಹುಡುಗಿಯರು ಅಲ್ಲಿಂದ ಎತ್ತಿಕೊಂಡರು. ಆರನೆಯ ನುಡಿಯ ಬೊಟ್ಟು ಬಂತು, ಮೂವರೂ ನಿಲ್ಲಿಸಿದರು, ಅಕ್ಕ ಮತ್ತೆ ಹೇಳಿಕೊಟ್ಟಳು. ಮಗ ಎರಡು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತ. ಏಳನೆಯ ನುಡಿಯ ಹೊತ್ತಿಗೆ ಹುಡುಗಿಯರು ಎಣಿಸುವುದನ್ನು ಬಿಟ್ಟಿದ್ದರು. ನಿಲ್ಲಿಸಿ, ಕಾಗದದಿಂದ ಕಣ್ಣೆತ್ತಿ, ಅವಳ ಬಾಯನ್ನೇ ನೋಡುತ್ತಿದ್ದರು. ಆ ಎರಡು ಸಾಲನ್ನೂ ಅಕ್ಕನೇ ಹೇಳಿದಳು. ಕೊನೆಯದನ್ನು ಹೇಳುವಾಗ ಕುರ್ಚಿಯಿಂದ ಎದ್ದು ನಿಂತಿದ್ದಳು.

ನಾನು ಸ್ಪೀಕರಿನವನ ಮಣಿಕಟ್ಟನ್ನು ಇನ್ನೂ ಹಿಡಿದೇ ಇದ್ದೆ. ಅವನೇ ಮೆಲ್ಲಗೆ, "ವಿಡುಂಗ ಸಾರ್," ಎಂದ. ಬಿಟ್ಟೆ.

ಅಕ್ಕ ಕೈಬೀಸಿ ನನ್ನನ್ನು ಕರೆದಳು. ಗಂಟಲು ಹಿಡಿದುಕೊಂಡು, ಪಿಸುಮಾತಿನಲ್ಲಿ, "ನಾಕು ಸಾಲು ನುಂಗಿದ್ದೀಯಲ್ಲೋ! ಇದೇನಾ ನೀನ್ ಮಾಡ್ತಿದ್ದ ಕೆಲ್ಸ?"

ಒಬ್ಬ ಹುಡುಗಿಯ ಕೈಯಿಂದ ಕಾಗದ ತಂದು ತೋರಿಸಿದೆ. ಸಾಲುಗಳು ಇದ್ದವು. ಅವಳು ಬೆರಳಿನಿಂದ ಹುಡುಕುತ್ತಾ ಹೋಗಿ ಬೊಟ್ಟಿನ ಹತ್ತಿರ ನಿಲ್ಲಿಸಿದಳು.

"ಇದೇನಿದು?"

"ನಿನ್ ಪುಸ್ತಕದಾಗೆ ಇತ್ತು. ಇದ್ದದ್ದು ಇದ್ದಂಗೆ ಒಡ್ದೆ."

ಅಕ್ಕ ಕಾಗದವನ್ನು ಕಣ್ಣಿನ ಹತ್ತಿರ ತಂದಳು. "ಅರಿಶ್ಣ ಕಣ್ಲಾ ಅದು. ಯಾವ್ ಮದ್ವೇದೋ." ಆಮೇಲೆ ಕಾಗದವನ್ನು ನಾಲ್ಕಾಗಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾನು ತಿದ್ದಿಕೊಡುತ್ತೇನೆ ಎಂದು ಕೈ ಚಾಚಿದೆ.

"ಬೇಡ ಬಿಡು. ಅಂಗೇ ಇರ್ಲಿ," ಎಂದಳು.

ಅಷ್ಟರಲ್ಲಿ ಒಳಕೋಣೆಯ ಬಾಗಿಲು ತೆರೆದು ಮದುವೆಹೆಣ್ಣು ಹೊರಗೆ ಬಂದು ಹಸೆಯ ಮೇಲೆ ಕೂತಳು. ಮುಹೂರ್ತ ಏಳು ನಿಮಿಷ ತಡವಾಗಿ ನಡೆಯಿತು.